ಲೋಹ ತೊರೆದ ಗಾಲಿ

1981ರ ಸೆಪ್ಟೆಂಬರ್ 13. ಇಟಲಿಯ ಮೊನ್ಜಾ ಓಟದ ಹಾದಿಯಲ್ಲಿ ಜಾನ್ ವಾಟ್ಸನ್ ಓಡಿಸುತ್ತಿದ್ದ ಮೆಕ್‌ಲಾರೆನ್ ಕಾರು ಹಿಡಿತ ತಪ್ಪಿ ತಡೆಬೇಲಿಗೆ ಅಪ್ಪಳಿಸಿತು. ಎಂಜಿನ್ ಕಿತ್ತುಬಂದು ಬೇರೆಯೇ ಬಿತ್ತು. ವಾಟ್ಸನ್ ಮಾತ್ರ ಗಾಯವಿಲ್ಲದೆ ಎದ್ದು ನಡೆದುಹೋದರು. ಅವರನ್ನು ಕಾಪಾಡಿದ್ದು ಕಾರಿನ ಒಡಲು. ವಿನ್ಯಾಸಕಾರ ಜಾನ್ ಬರ್ನಾರ್ಡ್ ಅದನ್ನು ಅಲ್ಯೂಮಿನಿಯಂ ಬದಲು ಕಾರ್ಬನ್ ಫೈಬರ್‌ನಿಂದ, ಅಂದರೆ ಇಂಗಾಲದ ಎಳೆಗಳಿಂದ, ಮಾಡಿಸಿದ್ದರು. ಫಾರ್ಮುಲಾ ಒನ್ ಪಂದ್ಯಗಳಲ್ಲಿ ಇಡೀ ಒಡಲು ಇಂಗಾಲದ ಎಳೆಯದಾಗಿದ್ದ ಮೊದಲ ಕಾರು ಅದು. ಪೆಟ್ಟು ಬಿದ್ದರೆ ಈ ವಸ್ತು ಪುಡಿಪುಡಿಯಾದೀತು ಎಂದು ಅನುಮಾನಿಸುತ್ತಿದ್ದವರಿಗೆ ಆ ಅಪಘಾತವೇ ಉತ್ತರ ಹೇಳಿತು.

ಅಲ್ಲಿಂದ ಮುಂದೆ ಓಟದ ಕಾರುಗಳೆಲ್ಲ ಒಂದೊಂದಾಗಿ ಲೋಹದ ಒಡಲನ್ನು ಕಳಚಿದವು. 1992ರಲ್ಲಿ ಬಂದ ಮೆಕ್‌ಲಾರೆನ್ ಎಫ್-1 ಕಾರು ಇದೇ ಒಡಲನ್ನು ಸಾಮಾನ್ಯ ರಸ್ತೆಗೂ ತಂದಿತು. ಆದರೆ ಆ ಕಾರಿನ ನಾಲ್ಕು ಗಾಲಿಗಳು ಮಾತ್ರ ಮೆಗ್ನೀಸಿಯಂ ಲೋಹದವೇ ಆಗಿದ್ದವು. ದೊಡ್ಡ ಕಂಪೆನಿಯೊಂದು ತನ್ನ ರಸ್ತೆ ಕಾರಿಗೆ ಇಂಗಾಲದ ಗಾಲಿಯನ್ನೇ ಸಹಜ ಸಲಕರಣೆಯಾಗಿ ಜೋಡಿಸಿ ಮಾರಲು 2015 ಬರಬೇಕಾಯಿತು. ಒಡಲಿಗೂ ಗಾಲಿಗೂ ನಡುವೆ 34 ವರ್ಷಗಳ ಅಂತರ. ಗಾಲಿಯೇ ಎಲ್ಲಕ್ಕಿಂತ ಹಿಂದೆ ಉಳಿದದ್ದೇಕೆ?

ಸ್ಪ್ರಿಂಗಿನ ಕೆಳಗಿನ ಭಾರ

ಗಾಲಿಯನ್ನು ಹಗುರಗೊಳಿಸುವ ಹಂಬಲ ಹೊಸದಲ್ಲ. ಅದರ ಕಾರಣ ತಿಳಿಯಬೇಕಾದರೆ ಕಾರಿನ ಭಾರವನ್ನು ಎರಡು ಪಾಲು ಮಾಡಿ ನೋಡಬೇಕು. ಒಡಲು, ಎಂಜಿನ್, ಪ್ರಯಾಣಿಕರು ಸ್ಪ್ರಿಂಗಿನ ಮೇಲಿನ ಭಾರ. ಗಾಲಿ, ಟೈರು, ಬ್ರೇಕು ಸ್ಪ್ರಿಂಗಿನ ಕೆಳಗಿನ ಭಾರ. ರಸ್ತೆಯಲ್ಲಿ ಉಬ್ಬು ಎದುರಾದಾಗ ಗಾಲಿ ಮೇಲಕ್ಕೆ ನೆಗೆಯುತ್ತದೆ. ಅದನ್ನು ಮತ್ತೆ ನೆಲಕ್ಕೆ ಒತ್ತುವುದು ಸ್ಪ್ರಿಂಗಿನ ಕೆಲಸ. ಗಾಲಿ ಹಗುರವಾದಷ್ಟೂ ಈ ಕೆಲಸ ಬೇಗ ಮುಗಿಯುತ್ತದೆ. ಟೈರು ನೆಲ ಬಿಟ್ಟಿರುವ ಆ ಕ್ಷಣದಲ್ಲಿ ಬ್ರೇಕೂ ಹಿಡಿಯದು, ಸ್ಟಿಯರಿಂಗೂ ಮಾತು ಕೇಳದು.

ಇನ್ನೊಂದು ಕಾರಣವೂ ಇದೆ. ಗಾಲಿ ಮುಂದಕ್ಕೆ ಸಾಗುವುದಲ್ಲದೆ ತನ್ನ ಸುತ್ತಲೂ ತಿರುಗಬೇಕು. ಹೀಗಾಗಿ ಸೀಟಿನ ಮೇಲಿಟ್ಟ ಒಂದು ಕಿಲೋ ತೂಕಕ್ಕೆ ವೇಗ ಕೊಡಲು ಬೇಕಾಗುವ ಶಕ್ತಿಗಿಂತ, ಗಾಲಿಯ ಅಂಚಿನಲ್ಲಿರುವ ಒಂದು ಕಿಲೋಗೆ ಹೆಚ್ಚುಕಡಿಮೆ ಎರಡು ಪಟ್ಟು ಶಕ್ತಿ ಬೇಕಾಗುತ್ತದೆ. ನಿಲ್ಲಿಸುವಾಗ ಬ್ರೇಕಿನ ಮೇಲೆ ಬೀಳುವ ಹೊರೆಯೂ ಅಷ್ಟೇ.

ಹಗುರಕ್ಕೆ ತೆತ್ತ ಬೆಲೆ

ಮೊದಲ ದೊಡ್ಡ ಹೆಜ್ಜೆ ಇಟ್ಟವರು ಎಟ್ಟೋರೆ ಬುಗಾಟಿ. 1924ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ನಡೆದ ಗ್ರಾಂಡ್ ಪ್ರಿ ಪಂದ್ಯಕ್ಕೆ ಅವರು ತಂದ ಟೈಪ್-35 ಕಾರುಗಳಲ್ಲಿ ತಂತಿ ಕಡ್ಡಿಯ ಗಾಲಿಗಳಿರಲಿಲ್ಲ. ಎಂಟು ಚಪ್ಪಟೆ ಕಡ್ಡಿಗಳ ಅಲ್ಯೂಮಿನಿಯಂ ಗಾಲಿಗಳಿದ್ದವು. ಬ್ರೇಕಿನ ಡ್ರಮ್ ಸಹ ಗಾಲಿಯ ಜೊತೆಗೇ ಒಂದೇ ಎರಕದಲ್ಲಿ ಬಂದಿತ್ತು. ಆ ದಿನ ಟೈರುಗಳು ಕೈಕೊಟ್ಟು ಬುಗಾಟಿ ಗೆಲ್ಲಲಿಲ್ಲ. ಆದರೆ ಮುಂದಿನ ವರ್ಷಗಳಲ್ಲಿ ಅದೇ ಕಾರು ಗೆಲುವಿನ ಸಾಲನ್ನೇ ಕಟ್ಟಿತು. ಇಂದು ಬೀದಿಬೀದಿಯಲ್ಲಿ ಕಾಣುವ ಅಲಾಯ್ ಗಾಲಿಯ ವಂಶ ಅಲ್ಲಿಗೆ ಹೋಗಿ ಮುಟ್ಟುತ್ತದೆ.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಟೆಡ್ ಹ್ಯಾಲಿಬ್ರ್ಯಾಂಡ್ ಇಂಡಿಯಾನಾಪೊಲಿಸ್‌ನ ಓಟದ ಕಾರುಗಳಿಗೆ ಮೆಗ್ನೀಸಿಯಂ ಗಾಲಿ ತಯಾರಿಸತೊಡಗಿದರು. ಈ ಲೋಹದ ತೂಕ ಅಲ್ಯೂಮಿನಿಯಂನ ಮೂರನೇ ಎರಡರಷ್ಟು ಮಾತ್ರ. ಅಲ್ಲಿನ ಜನ ಎಲ್ಲ ಬಗೆಯ ಮಿಶ್ರಲೋಹದ ಗಾಲಿಗೂ ‘ಮ್ಯಾಗ್’ ಎಂದೇ ಕರೆಯುವಷ್ಟು ಅದು ಹೆಸರಾಯಿತು. ಆದರೆ ಮೆಗ್ನೀಸಿಯಂಗೆ ತೇವ, ಉಪ್ಪು ಎರಡೂ ಆಗದು. ಬೇಗ ಸವೆದು ಹಾಳಾಗುತ್ತದೆ. ಹೊತ್ತಿಕೊಂಡರೆ ನೀರೆರೆದಷ್ಟೂ ಉರಿ ಹೆಚ್ಚುತ್ತದೆ. 1955ರ ಜೂನ್ 11ರಂದು ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ ಮರ್ಸಿಡಿಸ್ ಕಾರೊಂದು ಜನರತ್ತ ನುಗ್ಗಿ 80ಕ್ಕೂ ಹೆಚ್ಚು ಮಂದಿ ಸತ್ತಾಗ, ಆ ಕಾರಿನ ಮೈಯಲ್ಲಿದ್ದ ಮೆಗ್ನೀಸಿಯಂ ಮಿಶ್ರಲೋಹ ಬೆಂಕಿಯನ್ನು ಇನ್ನಷ್ಟು ಭೀಕರಗೊಳಿಸಿತ್ತು. ಹಗುರ ಲೋಹದ ಇನ್ನೊಂದು ಮುಖವನ್ನು ಜಗತ್ತು ಅಂದು ಕಂಡಿತು.

ಲೋಹವನ್ನೇ ಬಿಟ್ಟು ನೋಡುವ ಪ್ರಯತ್ನವೂ ನಡೆಯಿತು. 1970ರ ದಶಕದ ಆರಂಭದಲ್ಲಿ ಸಿಟ್ರೊಯೆನ್ ಕಂಪೆನಿಯ ಎಸ್‌ಎಂ ಕಾರಿಗೆ ಮಿಶೆಲಿನ್ ಕಂಪೆನಿ ಎಳೆಗಳಿಂದ ಬಲಪಡಿಸಿದ ರಾಳದ ಗಾಲಿ ಮಾಡಿಕೊಟ್ಟಿತು. ತೂಕ ಉಕ್ಕಿನ ಗಾಲಿಯ ಅರ್ಧಕ್ಕಿಂತ ಕಡಿಮೆ. ಆದರೆ 1975ರಲ್ಲಿ ಆ ಕಾರಿನ ತಯಾರಿಕೆಯೇ ನಿಂತಿತು. ಕಾಲಕ್ಕೆ ಮುಂಚೆ ಬಂದ ಗಾಲಿಗೆ ವಾರಸುದಾರರು ಸಿಗಲಿಲ್ಲ.

ಸ್ವೆಟರಿನ ನೂಲಿನಿಂದ ವಿಮಾನದವರೆಗೆ

ಇಂಗಾಲದ ಎಳೆಯ ಚರಿತ್ರೆ ಎಡಿಸನ್‌ನ ವಿದ್ಯುದ್ದೀಪದಷ್ಟು ಹಳೆಯದು. 1880ರಲ್ಲಿ ಆತ ಬಿದಿರಿನ ಸೀಳನ್ನು ಸುಟ್ಟು ಇಂಗಾಲವಾಗಿಸಿ ಬಲ್ಬಿನೊಳಗಿಟ್ಟಿದ್ದ. ಬಲವಾದ ಎಳೆ ಬಂದದ್ದು ಮಾತ್ರ 1960ರ ದಶಕದಲ್ಲಿ. ಜಪಾನಿನ ಅಕಿಯೊ ಶಿಂಡೊ, ಇಂಗ್ಲೆಂಡಿನ ಫಾರ್ನ್‌ಬರೊ ವಿಮಾನ ಸಂಶೋಧನಾ ಕೇಂದ್ರದ ವಿಲಿಯಂ ವ್ಯಾಟ್ ಮತ್ತು ಸಂಗಡಿಗರು ಸ್ವೆಟರಿಗೆ ಬಳಸುವ ಅಕ್ರಿಲಿಕ್ ನೂಲಿನ ಜಾತಿಯ ಎಳೆಯಿಂದಲೇ ಇದನ್ನು ತೆಗೆದರು. ಎಳೆಯನ್ನು ಮೊದಲು 200ರಿಂದ 300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹದ ಮಾಡಿ, ಬಳಿಕ ಗಾಳಿ ತಾಗದಂತೆ 1,000 ಡಿಗ್ರಿಗೂ ಮೀರಿ ಕಾಯಿಸುತ್ತಾರೆ. ಉಳಿಯುವುದು ಬಹುಮಟ್ಟಿಗೆ ಬರೀ ಇಂಗಾಲ. ಒಂದೊಂದು ಎಳೆಯೂ ತಲೆಗೂದಲಿನ ಹತ್ತನೇ ಒಂದರಷ್ಟು ಸಣ್ಣ. ಅವನ್ನು ನೇಯ್ದು, ರಾಳ ಕುಡಿಸಿ, ಅಚ್ಚಿನಲ್ಲಿ ಬೇಯಿಸಿದರೆ ಸಿಗುವ ವಸ್ತುವಿನ ತೂಕ ಉಕ್ಕಿನ ಸುಮಾರು ಐದನೇ ಒಂದು ಪಾಲು. ಕನ್ನಡಿಗರಿಗೆ ಇದರ ಪರಿಚಯ ವಿಮಾನದ ಮೂಲಕ ಆಗಿದೆ. 2001ರ ಜನವರಿ 4ರಂದು ಬೆಂಗಳೂರಿನಿಂದ ಮೊದಲ ಬಾರಿ ಹಾರಿದ, ಮುಂದೆ ತೇಜಸ್ ಎಂಬ ಹೆಸರು ಪಡೆದ ಯುದ್ಧವಿಮಾನದ ರೆಕ್ಕೆಗಳಲ್ಲಿ ಇರುವುದು ಇದೇ ವಸ್ತು.

ಆದರೆ ಈ ಎಳೆಗೊಂದು ಸ್ವಭಾವವಿದೆ. ಉದ್ದಕ್ಕೆ ಎಳೆದರೆ ಜಗ್ಗದು. ಅಡ್ಡ ಪೆಟ್ಟು ಬಿದ್ದರೆ ಪದರಗಳು ಬಿಡುತ್ತವೆ. ರೋಲ್ಸ್-ರಾಯ್ಸ್ ಕಂಪೆನಿ ಇದನ್ನು ದುಬಾರಿ ಬೆಲೆ ತೆತ್ತು ಕಲಿಯಿತು. ಆರ್‌ಬಿ-211 ಜೆಟ್ ಎಂಜಿನ್ನಿಗೆಂದು ಅದು ಮಾಡಿದ ಇಂಗಾಲದ ಎಳೆಯ ಬೀಸಣಿಗೆ ಅಲಗುಗಳು ಹಕ್ಕಿ ಬಡಿತದ ಪರೀಕ್ಷೆಯಲ್ಲಿ ಒಡೆದುಹೋದವು. ಟೈಟಾನಿಯಂಗೆ ಮರಳಬೇಕಾಯಿತು. ಬೇರೆ ಖರ್ಚುಗಳೂ ಸೇರಿ 1971ರ ಫೆಬ್ರವರಿಯಲ್ಲಿ ಕಂಪೆನಿ ದಿವಾಳಿಯಾಯಿತು.

ಮೂರು ಪರೀಕ್ಷೆಗಳು

ಗಾಲಿ ಎದುರಿಸಬೇಕಾದ್ದೂ ಇಂಥ ಅಡ್ಡ ಪೆಟ್ಟುಗಳನ್ನೇ. ಓಟದ ಕಾರಿನ ಒಡಲು ಜೀವಮಾನದಲ್ಲಿ ಒಮ್ಮೆ ಗುದ್ದಿಸಿಕೊಂಡರೆ ಹೆಚ್ಚು. ರಸ್ತೆ ಕಾರಿನ ಗಾಲಿ ದಿನವೂ ಗುಂಡಿಗೆ, ಫುಟ್‌ಪಾತಿನ ಅಂಚಿಗೆ ಬಡಿಯುತ್ತದೆ. ಮೊದಲ ಪರೀಕ್ಷೆ ಈ ಪೆಟ್ಟು. ಎರಡನೆಯದು ಶಾಖ. ಜೋರಾಗಿ ಓಡುವ ಕಾರಿನ ಬ್ರೇಕಿನ ತಟ್ಟೆ 900 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಅದಕ್ಕೆ ಅಂಟಿಕೊಂಡಂತೆ ಇರುವ ಗಾಲಿಯ ರಾಳ ಅಷ್ಟು ಕಾವು ತಾಳದು. ಮೂರನೆಯದು ಒಳಗಾಯ. ಪೆಟ್ಟು ತಿಂದ ಉಕ್ಕಿನ ಗಾಲಿ ಸೊಟ್ಟಗಾಗಿ ತನ್ನ ನೋವನ್ನು ತೋರಿಸುತ್ತದೆ, ಸುತ್ತಿಗೆಯಿಂದ ಬಡಿದು ಸರಿಮಾಡಬಹುದು. ಇಂಗಾಲದ ಗಾಲಿ ಸೊಟ್ಟಗಾಗುವುದಿಲ್ಲ. ಮೇಲೆ ನುಣುಪಾಗಿಯೇ ಇದ್ದು ಒಳಗೆ ಪದರ ಬಿಟ್ಟಿರಬಹುದು.

ಈ ಪರೀಕ್ಷೆಗಳಿಗೆ ಮೊದಲು ಇಳಿದವರು ಸಣ್ಣ ತಯಾರಕರು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಜಾನ್ ಬ್ರಿಟನ್ 1990ರ ದಶಕದ ಆರಂಭದಲ್ಲಿ ತಮ್ಮದೇ ಓಟದ ಮೋಟಾರ್ ಸೈಕಲ್ ಕಟ್ಟಿ, ಅದಕ್ಕೆ ಇಂಗಾಲದ ಗಾಲಿಗಳನ್ನೂ ತಾವೇ ಮಾಡಿಕೊಂಡರು. 1995ರಲ್ಲಿ 45ನೆಯ ವಯಸ್ಸಿಗೇ ಅವರು ತೀರಿಕೊಂಡರು. ಸ್ವೀಡನ್ನಿನ ಕೋನಿಗ್‌ಸೆಗ್ ಕಂಪೆನಿ 2012ರ ಹೊತ್ತಿಗೆ ಅಗೇರಾ ಆರ್ ಕಾರಿಗೆ ಒಳಗೆ ಪೊಳ್ಳಾದ ಇಂಗಾಲದ ಗಾಲಿ ತಂದಿತು. ಗಾಳಿ ತುಂಬುವ ವಾಲ್ವ್ ಬಿಟ್ಟರೆ ಅದರಲ್ಲಿ ಲೋಹವೇ ಇರಲಿಲ್ಲ. ಆದರೆ ಆ ಕಾರನ್ನು ಕೊಂಡವರು ಬೆರಳೆಣಿಕೆಯ ಶ್ರೀಮಂತರು.

ಜಿಲಾಂಗ್ ಊರಿನ ಗಾಲಿ

ಗಾಲಿಯನ್ನು ಕಾರ್ಖಾನೆಯ ಸರಕಾಗಿಸಿದ್ದು ಆಸ್ಟ್ರೇಲಿಯಾದ ಜಿಲಾಂಗ್ ಎಂಬ ಬಂದರು ಊರು. ಅಲ್ಲಿನ ಡೀಕಿನ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳು 2004ರಲ್ಲಿ ಅಂತರ ಕಾಲೇಜು ಸ್ಪರ್ಧೆಯ ಪುಟ್ಟ ಕಾರಿಗೆಂದು ಇಂಗಾಲದ ಗಾಲಿ ಮಾಡಿದ್ದರು. ಆ ಪ್ರಯೋಗದಿಂದ 2007ರಲ್ಲಿ ಕಾರ್ಬನ್ ರೆವಲ್ಯೂಷನ್ ಎಂಬ ಕಂಪೆನಿ ಹುಟ್ಟಿತು.

ಅಮೆರಿಕದ ಫೋರ್ಡ್ ಕಂಪೆನಿ 2015ರಲ್ಲಿ ತನ್ನ ಮಸ್ಟಾಂಗ್ ಶೆಲ್ಬಿ ಜಿಟಿ350ಆರ್ ಕಾರಿಗೆ ಜೋಡಿಸಿದ್ದು ಈ ಗಾಲಿಗಳನ್ನೇ. ಅಲ್ಯೂಮಿನಿಯಂನಲ್ಲಿ ಮಾಡಿದ್ದರೆ ಒಂದೊಂದೂ 15 ಕಿಲೋ ತೂಗುತ್ತಿತ್ತು. ಇದು ಸುಮಾರು 8 ಕಿಲೋಗೆ ಇಳಿದಿತ್ತು. ಶಾಖದ ತೊಡಕಿಗೆ ಬಾಹ್ಯಾಕಾಶ ನೌಕೆಯ ಎಂಜಿನ್ ಅಲಗುಗಳಿಗೆ ಬಳಿಯುತ್ತಿದ್ದಂಥ ಪಿಂಗಾಣಿಯ ಲೇಪನ ಪರಿಹಾರವಾಯಿತು. ವೇಗವಾಗಿ ಬಂದು ರಸ್ತೆಯಂಚಿಗೆ ಗುದ್ದಿಸುವ ಪರೀಕ್ಷೆಯಲ್ಲೂ ಗಾಲಿ ತೇರ್ಗಡೆಯಾಯಿತು. ಅದು ಎಷ್ಟು ಹಗುರವಾಗಿತ್ತೆಂದರೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್‌ಗಳನ್ನು ಹೊಸದಾಗಿ ಹೊಂದಿಸಬೇಕಾಯಿತು. 2017ರಲ್ಲಿ ಪೋರ್ಷೆ, 2018ರಲ್ಲಿ ಫೆರಾರಿ ಕಂಪೆನಿಗಳೂ ಇಂಗಾಲದ ಗಾಲಿಯನ್ನು ಗ್ರಾಹಕರ ಮುಂದಿಟ್ಟವು. ಪೋರ್ಷೆಯ ನಾಲ್ಕು ಗಾಲಿಗಳ ಬೆಲೆ ಜರ್ಮನಿಯಲ್ಲಿ 15 ಸಾವಿರ ಯೂರೋ ದಾಟಿತ್ತು. ಉಳಿಯುವ ತೂಕ ನಾಲ್ಕಕ್ಕೂ ಸೇರಿ 8.5 ಕಿಲೋ.

ವಿಚಿತ್ರವೆಂದರೆ, ಇಂಗಾಲದ ಒಡಲನ್ನು ಜಗತ್ತಿಗೆ ಕೊಟ್ಟ ಫಾರ್ಮುಲಾ ಒನ್ ಈ ಗಾಲಿಯನ್ನು ಒಳಗೆ ಬಿಟ್ಟುಕೊಂಡಿಲ್ಲ. ಅದರ ನಿಯಮಗಳು ಗಾಲಿ ಲೋಹದ್ದೇ ಆಗಿರಬೇಕೆಂದವು. 2022ರಲ್ಲಿ ಎಲ್ಲ ತಂಡಗಳಿಗೂ ಒಂದೇ ಕಂಪೆನಿಯ ಮೆಗ್ನೀಸಿಯಂ ಗಾಲಿ ಕಡ್ಡಾಯವಾಯಿತು. ಸಾಮಾನ್ಯವಾಗಿ ಹೊಸ ತಂತ್ರ ಓಟದ ಹಾದಿಯಿಂದ ಬೀದಿಗೆ ಇಳಿಯುತ್ತದೆ. ಇಲ್ಲಿ ಬೀದಿಯ ಕಾರೇ ಮುಂದೆ ಹೋಯಿತು.

ಈ ಮುನ್ನಡೆಯ ಲೆಕ್ಕದಲ್ಲಿ ಕಳೆಯುವ ಬಾಬತ್ತೂ ಇದೆ. ಹಳೆಯ ಅಲ್ಯೂಮಿನಿಯಂ ಗಾಲಿಯನ್ನು ಕರಗಿಸಿ ಇನ್ನೊಂದು ಗಾಲಿ ಎರೆಯಬಹುದು. ಒಮ್ಮೆ ಬೆಂದು ಗಟ್ಟಿಯಾದ ಈ ರಾಳ ಮತ್ತೆ ಕರಗುವುದಿಲ್ಲ. ಊರಿನ ಲೆಕ್ಕವಂತೂ ಇನ್ನೂ ಕಠಿಣ. ಜಿಲಾಂಗ್‌ನ ಹೊರವಲಯದಲ್ಲಿ 1963ರಿಂದ ನಡೆಯುತ್ತಿದ್ದ ಅಲ್ಯೂಮಿನಿಯಂ ಕಾರ್ಖಾನೆ 2014ರಲ್ಲಿ ಮುಚ್ಚಿತು. ಫೋರ್ಡ್ ಇದೇ ಊರಿನಲ್ಲಿ 1925ರಲ್ಲಿ ಉಣ್ಣೆಯ ಉಗ್ರಾಣವೊಂದನ್ನು ಹಿಡಿದು, ಮರದ ಕಡ್ಡಿಯ ಗಾಲಿಗಳ ಮೇಲೆ ಓಡುತ್ತಿದ್ದ ಮಾಡೆಲ್-ಟಿ ಕಾರುಗಳ ಜೋಡಣೆ ಆರಂಭಿಸಿತ್ತು. ತೊಂಬತ್ತು ವರ್ಷಗಳ ನಂತರ ಅದೇ ಫೋರ್ಡ್‌ಗೆ ಜಿಲಾಂಗ್ ಇಂಗಾಲದ ಗಾಲಿ ಕಳುಹಿಸತೊಡಗಿತು. ಗಾಲಿಗಳು ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತಿದ್ದಾಗಲೇ, 2016ರ ಅಕ್ಟೋಬರ್ 7ರಂದು, ಫೋರ್ಡ್ ತನ್ನ ಜಿಲಾಂಗ್ ಕಾರ್ಖಾನೆಗೆ ಬೀಗ ಹಾಕಿತು. ನೂರಾರು ಮಂದಿ ಕೊನೆಯ ಪಾಳಿ ಮುಗಿಸಿ ಹೊರಬಂದರು. ಗಾಲಿಯ ಕಂಪೆನಿ ಅವರೆಲ್ಲರಿಗೂ ಕೆಲಸ ಕೊಡುವಷ್ಟು ದೊಡ್ಡದಾಗಿರಲಿಲ್ಲ.