ತೂತು ಬಿದ್ದ ಮಾರುತಿಯೂ ಚಾಳೀಸಗಾಂವಿನ ಟಾಂಗಾವೂ

ಸ್ವಲ್ಪ ಉದ್ದ ಉಂಟು, ಪುರುಸೊತ್ತಲ್ಲಿ ಓದಿ.

ಮೊನ್ನೆ ನಮ್ಮ ಹಳೇ ಮಾರುತಿ 800ರ ಮ್ಯಾಟ್ ಎತ್ತಿದರೆ ಕೆಳಗಿನ ತಗಡಿನಲ್ಲಿ ಅಂಗೈ ಅಗಲದ ತೂತು. ರಸ್ತೆ ಕಾಣ್ತದೆ ಮಾರಾಯ್ರೆ! ಪುತ್ತೂರು, ಸುಳ್ಯ, ಕಡಬದ ಮಳೆಗೆ ಹಳೇ ಕಾರು ಇಟ್ಟವರಿಗೆ ಇದು ಹೊಸತಲ್ಲ. ತುಕ್ಕು ಕತ್ತರಿಸಿ, ಹೊಸ ತಗಡು ವೆಲ್ಡಿಂಗ್ ಮಾಡುವಾಗ ಗ್ಯಾರೇಜಿನವರು ಕೇಳಿದ್ರು, "ಇದನ್ನು ಗುಜರಿಗೆ ಹಾಕಬಾರದಾ?" ಉತ್ತರ ಹೇಳಬೇಕಾದರೆ 1929ರಿಂದ ಶುರು ಮಾಡ್ಬೇಕು.

ಆ ವರ್ಷ ಚಾಳೀಸಗಾಂವ್ ಸ್ಟೇಷನ್ನಿನಲ್ಲಿ ಇಳಿದ ಬಾಬಾಸಾಹೇಬರನ್ನು ಮಹಾರವಾಡಕ್ಕೆ ಕರೆದೊಯ್ಯಲು ಟಾಂಗಾದವರು ಒಪ್ಪಲಿಲ್ಲ. ಕೊನೆಗೆ ಒಬ್ಬ ಟಾಂಗಾ ಬಾಡಿಗೆಗೆ ಕೊಟ್ಟ, ಆದರೆ ತಾನು ಓಡಿಸುವುದಿಲ್ಲ ಅಂದ. ನಮ್ಮವರಲ್ಲೇ ಒಬ್ಬರು, ಅಭ್ಯಾಸವೇ ಇಲ್ಲದವರು, ಲಗಾಮು ಹಿಡಿದರು. ಮೋರಿಯ ಮೇಲೆ ಗಾಡಿ ಮಗುಚಿತು, ಬಾಬಾಸಾಹೇಬರ ಕಾಲು ಮುರಿಯಿತು. ಆಗವರು ಬ್ಯಾರಿಸ್ಟರ್! 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಬರೆದಿದ್ದಾರೆ. 1901ರಲ್ಲಿ ಗೋರೆಗಾಂವಿಗೆ ಹೊರಟ ಬಾಲಕ ಭೀಮ ಮತ್ತು ಜೊತೆಗಾರರು ಡಬಲ್ ಬಾಡಿಗೆ ಕೊಟ್ಟು ತಾವೇ ಎತ್ತಿನಗಾಡಿ ಹೊಡೆದ ಕಥೆಯೂ ಅದರಲ್ಲೇ ಉಂಟು.

ನಾನು ಯಾವಾಗಲೂ ನಿಲ್ಲುವುದು ಇಲ್ಲಿ. ಟಾಂಗಾ ಇತ್ತು, ಹಣ ಇತ್ತು. ಇಲ್ಲದ್ದು ಪಳಗಿದ ಕೈ.

ಮಾರುತಿ 800ರ ಮೊದಲ ಕೀಲಿಯನ್ನು ಇಂದಿರಾ ಗಾಂಧಿ ಹಸ್ತಾಂತರಿಸಿದ್ದು 1983ರ ಡಿಸೆಂಬರ್ 14ರಂದು. 796 ಸಿಸಿ, ಮೂರು ಸಿಲಿಂಡರ್. ಬೆಲೆ ಐವತ್ತು ಸಾವಿರದ ಒಳಗೆ. 'ಜನರ ಕಾರು' ಅಂದರು. ಯಾವ ಜನ? ನಮ್ಮ ಕಡೆ ಅದು ಮೊದಲು ಬಂದದ್ದು ಅಡಿಕೆ ತೋಟದ ಧಣಿಗಳ ಅಂಗಳಕ್ಕೆ, ಡಾಕ್ಟರ ಮನೆಗೆ. ನಮ್ಮವರು ಅದನ್ನು ತೊಳೆದರು. ಕಾಲನಿಗೆ ಬರುವಷ್ಟರಲ್ಲಿ ಮೂರ್ನಾಲ್ಕು ಕೈ ದಾಟಿತ್ತು, 2014ರ ಜನವರಿಯಲ್ಲಿ ಕಂಪನಿಯವರು ತಯಾರಿಕೆಯನ್ನೇ ನಿಲ್ಲಿಸಿದ್ದರು.

ಅದಕ್ಕಿಂತ ಮೊದಲು? ತಂಗಿಗೆ ಹೆರಿಗೆ ನೋವು ಬಂದ ರಾತ್ರಿ ಜೀಪು ಕೇಳಲು ಓಡಿದೆ. ಕಾಲನಿಯ ಹೆಸರು ಕೇಳಿದ ಕೂಡಲೇ ಡೀಸೆಲ್ ಇಲ್ಲ ಅಂದರು. ಬೆಳಿಗ್ಗೆ ಅದೇ ಜೀಪು ಅಡಿಕೆ ಹೇರಿಕೊಂಡು ಪುತ್ತೂರಿಗೆ ಹೋಯ್ತು.

ಕಾರು ಬಂದ ಮೊದಲ ವರ್ಷ ನಾವು ಓಡಿಸಿದ್ದಕ್ಕಿಂತ ದೂಡಿದ್ದೇ ಜಾಸ್ತಿ. ಮಳೆಗಾಲದ ಬೆಳಿಗ್ಗೆ ಸ್ಟಾರ್ಟೇ ಆಗ್ತಿರಲಿಲ್ಲ. ಪ್ರತಿ ಸಲ ಗ್ಯಾರೇಜಿಗೆ ಟೋ ಮಾಡಿ ಇನ್ನೂರೈನೂರು ಕೊಟ್ಟು ಬಂದೆವು. ಒಂದು ದಿನ ಚಿಕ್ಕಪ್ಪನ ಮಗ ನೋಡಿಕೊಂಡು ಬಂದ: ಮೆಕ್ಯಾನಿಕ್ ಮಾಡಿದ್ದು ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ, ಒಳಗಿನ ತೇವವನ್ನು ಒಣ ಬಟ್ಟೆಯಲ್ಲಿ ಒರೆಸಿದ್ದು, ಅಷ್ಟೇ! ಅಲ್ಲಿಂದ ಶುರುವಾಯ್ತು ನಮ್ಮ ವಿದ್ಯಾಭ್ಯಾಸ. 10, 12, 14ರ ಸ್ಪ್ಯಾನರ್, ಒಂದು ಪ್ಲಗ್ ಸ್ಪ್ಯಾನರ್. ಕಾರ್ಬುರೇಟರಿನ ಜೆಟ್ಟಿಗೆ ಕಸ ಸಿಕ್ಕಿದರೆ ಬಿಚ್ಚಿ ಊದಬೇಕು. ಸಂಪಾಜೆ ಘಾಟಿ ಹತ್ತುವ ಮೊದಲು ರೇಡಿಯೇಟರಿನ ನೀರು, ಹೋಸ್, ಫ್ಯಾನ್ ನೋಡಬೇಕು. ಕುದಿಯುವಾಗ ಮುಚ್ಚಳ ತೆಗೆದರೆ ಮುಖ ಸುಡ್ತದೆ. ಟೈಮಿಂಗ್ ಬೆಲ್ಟಿನಲ್ಲಿ ಬಿರುಕು ಕಂಡರೆ ಬದಲಿಸಬೇಕು, 'ಇನ್ನೊಂದು ತಿಂಗಳು' ಅಂದರೆ ಕಾಡಿನ ನಡುವೆ ನಿಲ್ತದೆ.

ಗ್ಯಾರೇಜಿನಲ್ಲಿ ಜಾತಿ ಇಲ್ಲ ಅಂತ ನಾನು ಹೇಳುದಿಲ್ಲ. 'ಮನೆ ಯಾವ ಕಡೆ?' ಎಂಬ ಪ್ರಶ್ನೆ ಅಲ್ಲಿಯೂ ಬರ್ತದೆ. ಆದರೆ ಈ ಕೆಲಸ ಯಾರಪ್ಪನ ಕುಲಕಸುಬೂ ಅಲ್ಲ. ಗ್ರೀಸ್ ಎಲ್ಲರ ಉಗುರಿಗೂ ಹತ್ತುತ್ತದೆ.

ಈಗ ಹೊಸ ತಾಪತ್ರಯ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲಿನಲ್ಲಿ 600ರಿಂದ 5,000 ಆಯ್ತು. 2025ರಲ್ಲಿ, 20 ವರ್ಷ ದಾಟಿದ್ದಕ್ಕೆ 10,000. ಹೊಗೆಯ ಮಾತು ಸುಳ್ಳಲ್ಲ, ಒಪ್ಪುತ್ತೇನೆ. ಆದರೆ ಐದೈದು ವರ್ಷಕ್ಕೆ ಕಾರು ಬದಲಿಸುವವರು ಯಾರು, ಕೊನೆಯ ಕೈಯಾಗಿ ಕೊಳ್ಳುವವರು ಯಾರು ಎಂದು ಲೆಕ್ಕ ಹಾಕಿ ನೋಡಿ.

ಗ್ಯಾರೇಜಿನವರಿಗೆ ಇಷ್ಟೆಲ್ಲ ಹೇಳಲಿಲ್ಲ. "ಟಾರ್ ಸ್ವಲ್ಪ ದಪ್ಪ ಬಳಿಯಿರಿ" ಅಂದೆ. ಬರುವ ಭಾನುವಾರ ಹಿಂದಿನ ಬ್ರೇಕ್ ಶೂ ಬದಲಿಸುವುದುಂಟು. ಬಿಚ್ಚುವುದು ತಂಗಿಯ ಮಗಳು, ಅದೇ ಜೀಪು ಸಿಗದ ರಾತ್ರಿ ಹುಟ್ಟಿದವಳು. ನಾನು ಟಾರ್ಚ್ ಹಿಡಿಯುವವನು.