ಶ್ರೀಗಂಧದ ಮರವೂ ರೈತನ ಬೇಲಿಯೂ

ಸಂಸ್ಕೃತ ಕವಿಗಳು ಶ್ರೀಗಂಧವನ್ನು ಮಲಯಪರ್ವತದಲ್ಲಿ ನಿಲ್ಲಿಸಿ, ಅದರ ಕಂಪಿಗೆ ಮರುಳಾದ ಸರ್ಪಗಳನ್ನು ಬುಡಕ್ಕೆ ಸುತ್ತಿಸಿದರು. ಮೈಸೂರು ಸೀಮೆಯ ಒಕ್ಕಲಿಗನಿಗೆ ಈ ವರ್ಣನೆ ಸೋಜಿಗವೆನಿಸಿದ್ದೀತು. ಅವನು ಬಲ್ಲ ಗಂಧದ ಮರ ಹೊಲದ ಬೇಲಿಯದು. ನಿಂತ ಮರಕ್ಕೆ ಹೇಳಿಕೊಳ್ಳುವಂತಹ ಪರಿಮಳವಿಲ್ಲ. ಅದೆಲ್ಲ ಚೇಗಿನಲ್ಲಿಯೂ ಬೇರಿನಲ್ಲಿಯೂ ಅಡಗಿರುತ್ತದೆ.

ಬೇಲಿಯಲ್ಲಿ ಈ ಮರ ಹುಟ್ಟುತ್ತಿದ್ದುದು ಆಕಸ್ಮಿಕವಲ್ಲ. ಶ್ರೀಗಂಧವು ಅರೆಪರಾವಲಂಬಿ. ತನ್ನ ಎಲೆಗಳಿಂದಲೇ ಆಹಾರವನ್ನು ಸಿದ್ಧಪಡಿಸಿಕೊಂಡರೂ, ನೀರನ್ನೂ ಲವಣಗಳನ್ನೂ ನೆರೆಯ ಗಿಡಗಳ ಬೇರುಗಳಿಗೆ ತನ್ನ ಬೇರನ್ನು ಕಚ್ಚಿಸಿ ಹೀರುತ್ತದೆ. ಹೊಂಗೆ, ಜಾಲಿ, ತೊಗರಿ, ಯಾವುದಾದರೂ ಆದೀತು. ಆದರೆ ಒಂಟಿಯಾಗಿ ಅದು ಏಳಿಗೆ ಹೊಂದದು. ಅದರ ಕಪ್ಪು ಹಣ್ಣುಗಳನ್ನು ತಿಂದ ಪಿಕಳಾರ, ಕೋಗಿಲೆ ಮೊದಲಾದ ಹಕ್ಕಿಗಳು ಬೇಲಿಯ ಮೇಲೆ ಕುಳಿತು ಬೀಜವನ್ನು ಉದುರಿಸುತ್ತಿದ್ದವು. ಹೀಗೆ ಹಲವು ಬಗೆಯ ಗಿಡಗಳು ಕೂಡಿ ಬೆಳೆದ ಹಳೆಯ ಬೇಲಿಯೇ ಅದಕ್ಕೆ ತೊಟ್ಟಿಲಾಗಿತ್ತು.

ಟಿಪ್ಪುಸುಲ್ತಾನನು ಇದನ್ನು ರಾಜವೃಕ್ಷವೆಂದು ಸಾರಿದ್ದು ೧೭೯೨ರಲ್ಲಿ ಎಂದು ಹೇಳುವುದು ವಾಡಿಕೆ. ಅದೇ ವರ್ಷದ ಶ್ರೀರಂಗಪಟ್ಟಣದ ಒಪ್ಪಂದದಿಂದ ಅವನು ರಾಜ್ಯದ ಅರ್ಧಭಾಗವನ್ನು ಕಳೆದುಕೊಂಡು, ೩ ಕೋಟಿ ೩೦ ಲಕ್ಷ ರೂಪಾಯಿಗಳ ದಂಡಕ್ಕೆ ಗುರಿಯಾಗಿದ್ದನು. ಬೊಕ್ಕಸದ ಈ ಅವಸ್ಥೆಗೂ ಆ ಘೋಷಣೆಗೂ ಸಂಬಂಧವಿದ್ದಿತೆಂದು ಊಹಿಸಲವಕಾಶವಿದೆ. ೧೭೯೯ರಲ್ಲಿ ಅರಸೊತ್ತಿಗೆ ಬದಲಾಯಿತು, ಹಕ್ಕು ಮಾತ್ರ ಉಳಿಯಿತು. ಮೊದಲನೆಯ ಮಹಾಯುದ್ಧದಿಂದ ಮರದ ರಫ್ತಿಗೆ ಅಡ್ಡಿಯಾದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ೧೯೧೬ರಲ್ಲಿ, ಗಂಧದೆಣ್ಣೆಯನ್ನು ಇಲ್ಲಿಯೇ ಭಟ್ಟಿ ಇಳಿಸುವ ಉದ್ಯಮ ಆರಂಭವಾಯಿತು.

ಈ ಹಕ್ಕೇ ಮರವನ್ನು ಉಳಿಸಿತೆಂಬ ಮಾತು ಅರ್ಧ ನಿಜ. ಬಲಿತ ಮರಕ್ಕೆ ಸರಕಾರದ ಕಾವಲಿದ್ದಿತು. ಆದರೆ ರೈತನ ನೆಲದಲ್ಲಿದ್ದರೂ ಮರ ಅವನದಲ್ಲ. ಅದು ಕಳುವಾದರೆ ವಿಚಾರಣೆಗೆ ನಿಲ್ಲಬೇಕಾದವನು ಅವನೇ. ತರುವಾಯ ಮೌಲ್ಯದಲ್ಲಿ ಒಂದು ಪಾಲು ಅವನಿಗೆ ಸಲ್ಲುವ ಏರ್ಪಾಡಾದರೂ ಭಯ ನೀಗಲಿಲ್ಲ. ಎರಡೆಲೆಯ ಸಸಿಯನ್ನು ಕಂಡೊಡನೆ ಸದ್ದಿಲ್ಲದೆ ಕಿತ್ತೆಸೆಯುವುದು ಕ್ಷೇಮವೆಂದು ಅನೇಕರು ಬಗೆದರು. ಶ್ರೀಗಂಧದ ಇಳಿಗಾಲಕ್ಕೆ ಕಳ್ಳಸಾಗಣೆಯನ್ನೂ, ೧೮೯೯ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದ ಸ್ಪೈಕ್ ರೋಗವನ್ನೂ ಕಾರಣವಾಗಿ ಹೇಳುವವರು ಈ ಸಸಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಡಿದ ಮರಕ್ಕೆ ದಫ್ತರದಲ್ಲಿ ನಮೂದುಂಟು, ಕಿತ್ತ ಸಸಿಗೆ ಇಲ್ಲ. ದಾಖಲೆಯನ್ನೇ ನಂಬುವ ನಮ್ಮಂತಹವರಿಗೆ ಇದು ತುಸು ಇರಿಸುಮುರಿಸಿನ ಸಂಗತಿ.

ನಷ್ಟ ಕಾಡಿಗಷ್ಟೇ ಆಗಲಿಲ್ಲ. ಹಣೆಗೆ ತೇಯುವ ಕೊರಡಿನಿಂದ ಚಿತೆಗಿಡುವ ಚಕ್ಕೆಯವರೆಗೆ ಬಾಳಿನುದ್ದಕ್ಕೂ ಬಳಕೆಯಲ್ಲಿದ್ದ ವಸ್ತು ದುರ್ಲಭವಾಯಿತು. ಸಾಗರ, ಸೊರಬದ ಗುಡಿಗಾರರ ಕೆತ್ತನೆಯ ಕಸುಬಿಗೂ ಮರದ ಅಭಾವ ತಟ್ಟಿತು.

ಕರ್ನಾಟಕದ ಅರಣ್ಯ ಕಾಯಿದೆಗೆ ೨೦೦೧ರಲ್ಲಿ ಆದ ತಿದ್ದುಪಡಿಯು ಮರದ ಹಕ್ಕನ್ನು ನೆಲದ ಒಡೆಯನಿಗೆ ಕೊಟ್ಟಿತು. ಈಗ ರೈತರು ಶ್ರೀಗಂಧವನ್ನು ಸಾಲಾಗಿ ನೆಟ್ಟು, ಅದರ ಬೇರಿಗೆ ಆಸರೆಯಾಗಲೆಂದು ಪಕ್ಕದಲ್ಲಿ ತೊಗರಿಯನ್ನು ಬಿತ್ತುತ್ತಾರೆ. ಹಳೆಯ ಬೇಲಿಯಲ್ಲಿ ಈ ಆಸರೆಯನ್ನು ಯಾರೂ ಬಿತ್ತಬೇಕಾಗಿರಲಿಲ್ಲ.