ಮಂಡಿಯ ಅಸ್ಥಿರಜ್ಜು ಹರಿದಾಗ: ಚೇತರಿಕೆಗೆ ವ್ಯಾಯಾಮವೇ ದಾರಿ

ಕಬಡ್ಡಿ ಅಂಕಣದಲ್ಲಿ ದಾಳಿಗಾರ ಥಟ್ಟನೆ ದಿಕ್ಕು ಬದಲಿಸುವಾಗ, ಷಟಲ್ ಆಟಗಾರ್ತಿ ನೆಗೆದು ಒಂಟಿ ಕಾಲಿನ ಮೇಲೆ ಇಳಿಯುವಾಗ ಮಂಡಿಯೊಳಗೆ 'ಟಪ್' ಎಂಬ ಸದ್ದು. ಕೆಲವೇ ಗಂಟೆಗಳಲ್ಲಿ ಊತ. ಮಂಡಿಯ ಮುಂಭಾಗದ ಅಡ್ಡ ಅಸ್ಥಿರಜ್ಜು, ಅಂದರೆ ಎ.ಸಿ.ಎಲ್. ಹರಿದಿರುವುದರ ಸಾಮಾನ್ಯ ಲಕ್ಷಣಗಳಿವು. ತೊಡೆಯ ಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಬಂಧಿಸುವ ಈ ರಜ್ಜು, ಕೆಳಗಾಲಿನ ಮೂಳೆ ಮುಂದಕ್ಕೆ ಜಾರದಂತೆ ಹಾಗೂ ಅತಿಯಾಗಿ ತಿರುಚದಂತೆ ತಡೆಯುತ್ತದೆ. ಅದು ಹರಿದರೆ ನಡೆಯುವಾಗ, ತಿರುಗುವಾಗ ಮಂಡಿ ಕುಸಿದಂತೆ ಭಾಸವಾಗುತ್ತದೆ.

ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೇ?

ಅನಿವಾರ್ಯವೇನಲ್ಲ. ಸ್ವೀಡನ್‌ನಲ್ಲಿ 121 ಮಂದಿ ಕ್ರಿಯಾಶೀಲ ತರುಣರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲು ವ್ಯಾಯಾಮ ಚಿಕಿತ್ಸೆ ಪಡೆದ 59 ಮಂದಿಯಲ್ಲಿ ಎರಡು ವರ್ಷಗಳೊಳಗೆ ರಜ್ಜು ಮರುಜೋಡಣೆ ಮಾಡಿಸಿಕೊಂಡವರು 23 ಮಂದಿ ಮಾತ್ರ. ಆದರೆ ಮಂಡಿ ಪದೇ ಪದೇ ಕುಸಿಯುತ್ತಿದ್ದರೆ, ಮೆತ್ತೆಯಂತಿರುವ ಮೆನಿಸ್ಕಸ್ ಕೂಡ ಹರಿದಿದ್ದರೆ ಅಥವಾ ತಿರುವು-ನೆಗೆತದ ಕ್ರೀಡೆಗೆ ಮರಳಬೇಕಿದ್ದರೆ ವೈದ್ಯರು ಶಸ್ತ್ರಚಿಕಿತ್ಸೆ ಸೂಚಿಸುವುದುಂಟು. ಯಾವ ಮಾರ್ಗವಾದರೂ ವ್ಯಾಯಾಮ ತಪ್ಪಿದ್ದಲ್ಲ.

ಹಂತ ಹಂತದ ವ್ಯಾಯಾಮ

ಶಸ್ತ್ರಚಿಕಿತ್ಸೆಯ ನಂತರದ ಸಾಮಾನ್ಯ ಕ್ರಮ ಹೀಗಿದೆ. ಮೆನಿಸ್ಕಸ್‌ಗೂ ಹೊಲಿಗೆ ಹಾಕಿದ್ದರೆ ಇದು ಬದಲಾಗುತ್ತದೆ.

* ಮೊದಲ ಎರಡು ವಾರ: ಊತ ಇಳಿಸುವುದು, ಮಂಡಿಯನ್ನು ಪೂರ್ತಿ ನೇರವಾಗಿಸುವುದು ಮುಖ್ಯ ಗುರಿ. ಬಟ್ಟೆ ಸುತ್ತಿದ ಮಂಜುಗಡ್ಡೆಯನ್ನು 15ರಿಂದ 20 ನಿಮಿಷ ಇಡಬೇಕು. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಕಾಲು ನೇರಗೊಳಿಸುವುದು, ತೊಡೆಯ ಮುಂಭಾಗದ ಸ್ನಾಯುವನ್ನು ಐದು ಸೆಕೆಂಡು ಬಿಗಿಹಿಡಿದು ಸಡಿಲಿಸುವುದು, ಪಾದವನ್ನು ಮೇಲೆ ಕೆಳಗೆ ಆಡಿಸುವುದು ಆರಂಭದ ವ್ಯಾಯಾಮಗಳು.
* ಎರಡರಿಂದ ಆರು ವಾರ: ಮಲಗಿ ಹಿಮ್ಮಡಿಯನ್ನು ಜಾರಿಸುತ್ತ ಮಂಡಿ ಮಡಿಸುವುದು, ಕಾಲನ್ನು ನೇರವಾಗಿ ಎತ್ತುವುದು, ವ್ಯಾಯಾಮದ ಸೈಕಲ್ ತುಳಿಯುವುದು. ಕುಂಟದೆ ನಡೆಯಲು ಸಾಧ್ಯವಾದ ಮೇಲಷ್ಟೇ ಊರುಗೋಲು ಬಿಡಬೇಕು.
* ಆರರಿಂದ ಹನ್ನೆರಡು ವಾರ: ಗೋಡೆಗೊರಗಿ ಅರ್ಧ ಕೂರುವುದು, ಮೆಟ್ಟಿಲು ಹತ್ತಿಳಿಯುವುದು, ಒಂಟಿ ಕಾಲಿನ ಸಮತೋಲನ.
* ಮೂರು ತಿಂಗಳ ಬಳಿಕ: ಊತವಿಲ್ಲದಿದ್ದು ಸ್ನಾಯುಬಲ ಸಾಕಷ್ಟಿದ್ದರೆ ನಿಧಾನದ ಓಟ, ಅನಂತರ ನೆಗೆತ, ತಿರುವಿನ ಅಭ್ಯಾಸ.

ನೋವಿಲ್ಲವೆಂದರೆ ಗುಣವಾಯಿತೆಂದಲ್ಲ

ಎರಡು ಮೂರು ತಿಂಗಳಲ್ಲಿ ನೋವು ಮಾಯವಾಗುತ್ತಲೇ ಅನೇಕರು ವ್ಯಾಯಾಮ ಕೈಬಿಡುತ್ತಾರೆ. ತಪ್ಪಾಗುವುದು ಇಲ್ಲಿಯೇ. ಜೋಡಿಸಿದ ಸ್ನಾಯುರಜ್ಜು ಆರಂಭದ ತಿಂಗಳುಗಳಲ್ಲಿ ದುರ್ಬಲಗೊಂಡು, ಆಮೇಲೆ ನಿಧಾನವಾಗಿ ಗಟ್ಟಿಯಾಗುತ್ತದೆ. ಆ ಅವಧಿಯಲ್ಲಿ ಆಟಕ್ಕಿಳಿದರೆ ಮತ್ತೆ ಹರಿಯುವ ಭಯವಿದೆ. ಒಂಬತ್ತು ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮರುಗಾಯದ ಪ್ರಮಾಣ ಅರ್ಧದಷ್ಟು ಇಳಿಯುತ್ತದೆಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಗಾಯಗೊಂಡ ಕಾಲಿನ ಬಲ ಇನ್ನೊಂದು ಕಾಲಿನ ಶೇ. 90ರಷ್ಟಾದರೂ ಇರಬೇಕೆಂಬುದು ಈಗ ರೂಢಿಯಲ್ಲಿರುವ ಮಾನದಂಡ.

ತಾಳ್ಮೆಯ ಫಲಕ್ಕೆ ಕುಸ್ತಿಪಟು ವಿನೇಶ್ ಫೋಗಟ್ ನಿದರ್ಶನ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮಂಡಿಗೆ ತೀವ್ರ ಪೆಟ್ಟಾಗಿ ಅವರನ್ನು ಸ್ಟ್ರೆಚರ್ ಮೇಲೆ ಹೊತ್ತೊಯ್ಯಲಾಗಿತ್ತು. ಎರಡು ವರ್ಷಗಳ ಬಳಿಕ, 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಅವರು ಚಿನ್ನ ಗೆದ್ದರು.

ಎಚ್ಚರಿಕೆಗಳು

ಪೆಟ್ಟಾದ ಹೊಸದರಲ್ಲಿ ಎಣ್ಣೆ ಹಚ್ಚಿ ಬಲವಾಗಿ ನೀವಿಸುವುದರಿಂದ ಊತ ಹೆಚ್ಚಬಹುದು. ಮಂಡಿಯ ಕೆಳಗೆ ಸದಾ ದಿಂಬು ಇಟ್ಟುಕೊಂಡರೆ ಕಾಲು ಪೂರ್ತಿ ನೇರವಾಗದೆ ಉಳಿದೀತು. ಕುಕ್ಕರಗಾಲಿನಲ್ಲಿ, ಚಕ್ಕಳಮಕ್ಕಳ ಹಾಕಿ ಕೂರುವುದನ್ನು ವೈದ್ಯರ ಅನುಮತಿಯಿಲ್ಲದೆ ಆರಂಭಿಸಬಾರದು. ವ್ಯಾಯಾಮದ ಮರುದಿನ ಊತ ಹೆಚ್ಚಿದ್ದರೆ ಪ್ರಮಾಣ ತಗ್ಗಿಸಬೇಕು. ಮೀನಖಂಡದಲ್ಲಿ ನೋವು-ಬಾವು, ಜ್ವರ, ಗಾಯದಿಂದ ಸ್ರಾವ ಕಂಡರೆ ತಕ್ಷಣ ವೈದ್ಯರನ್ನು ಕಾಣಬೇಕು. ಏಕಾಏಕಿ ಉಸಿರಾಟದ ತೊಂದರೆಯಾದರೆ ತುರ್ತು ಚಿಕಿತ್ಸೆ ಅಗತ್ಯ.

ಶಸ್ತ್ರಚಿಕಿತ್ಸೆ ಮುಗಿಯಲು ಕೆಲವು ಗಂಟೆ ಸಾಕು. ಮಂಡಿ ಮತ್ತೆ ನಂಬಿಕೆಗೆ ಅರ್ಹವಾಗಲು ತಿಂಗಳುಗಳ ನಿತ್ಯದ ಅಭ್ಯಾಸ ಬೇಕು.